ಚೊಂಬಿನ ನೀರು ಯಾಕೆ ಖಾಲಿಯಾಗುವುದಿಲ್ಲ?

ಹಿರಿಯ ನಾಗರಿಕರ ಸಬಲೀಕರಣ ಖಾತೆಯ ಮಾನ್ಯ ಸಚಿವರಿಗೆ,

ವೃದ್ಧಾಶ್ರಮದ ತಪಾಸಣೆಗೆ ಹೋಗುವ ನಿಮ್ಮ ಅಧಿಕಾರಿಗಳು ಕಟ್ಟಡ, ಅಡುಗೆಮನೆ, ರಿಜಿಸ್ಟರು ನೋಡಿ ಬರುತ್ತಾರೆ. ಸಂಜೆ ಹೊತ್ತಿನಲ್ಲಿ ಮಂಚದ ಪಕ್ಕದ ಚೊಂಬನ್ನೂ ಒಮ್ಮೆ ಎತ್ತಿ ನೋಡಲಿ. ನಮ್ಮ ದೊಡ್ಡಮ್ಮನ ಚೊಂಬು ಬೆಳಿಗ್ಗೆ ತುಂಬಿಸಿಟ್ಟ ಹಾಗೇ ಇರುತ್ತಿತ್ತು. "ಕುಡಿದ್ರೆ ರಾತ್ರಿ ಎದ್ದು ಹೋಗ್ಬೇಕಲ್ಲೇ, ಆಯಾನ ಎಷ್ಟು ಸಲ ಎಬ್ಬಿಸೋದು?" ಅನ್ನುತ್ತಿದ್ದರು. ರಾತ್ರಿ ಪಾಳಿಗೆ 22 ಮಂದಿಗೆ ಒಬ್ಬಳೇ ಆಯಾ. ಅವಳನ್ನು ದೂರಿ ಏನು ಬಂತು?

ಒಂದು ಮಧ್ಯಾಹ್ನ ದೊಡ್ಡಮ್ಮ, ತೀರಿಹೋಗಿ ಎಷ್ಟೋ ವರ್ಷವಾದ ತಮ್ಮನನ್ನು ಊಟಕ್ಕೆ ಕರೆಯತೊಡಗಿದರು. ಅರಳುಮರುಳು ಅಂದರು ಆಶ್ರಮದವರು. ನಾವೂ ನಂಬಿದೆವು, ಸುಳ್ಳೇಕೆ ಹೇಳಲಿ. ಮೂರನೆಯ ದಿನ ಗಡಗಡ ನಡುಗುವ ಚಳಿಜ್ವರ. ಮೂತ್ರದ ಸೋಂಕು ರಕ್ತಕ್ಕೂ ಹರಡಿದ್ದು ತಿಳಿದದ್ದು ಆಸ್ಪತ್ರೆಯಲ್ಲಿ. ನೀರು ಕಡಿಮೆ ಕುಡಿದರೆ ಈ ಸೋಂಕಿಗೆ ಎಡೆಯಾಗಬಹುದು, ಇಳಿವಯಸ್ಸಿನಲ್ಲಿ ಬಾಯಾರಿಕೆಯೇ ಮಂದವಾಗುತ್ತದೆ. ಸೋಂಕಾದರೂ ಕೆಲವರು ಉರಿ ಎನ್ನುವುದಿಲ್ಲ.

ವಾಪಸು ಬಂದ ಮೇಲೆ ಆಶ್ರಮ ಇನ್ನೊಂದು ತುದಿಗೆ ಹೋಯಿತು. ದೊಡ್ಡಮ್ಮ ತುಸು ಮಂಕಾದರೂ ಸಾಕು, ಮೂತ್ರ ಪರೀಕ್ಷೆ, ಆಂಟಿಬಯೋಟಿಕ್. ಇದೂ ತಪ್ಪೇ. ಇಂಥ ಆಶ್ರಮವಾಸಿ ಮಹಿಳೆಯರಲ್ಲಿ ಶೇ. 25ರಿಂದ 50ರಷ್ಟು ಮಂದಿಯ ಮೂತ್ರದಲ್ಲಿ ಯಾವ ತೊಂದರೆಯೂ ಇಲ್ಲದೆ ಬ್ಯಾಕ್ಟೀರಿಯಾ ಇರುತ್ತದೆ. ಅದಕ್ಕೆ ಔಷಧ ಬೇಡ. ಕೊಟ್ಟರೆ ಮುಂದೆ ನಿಜವಾಗಿ ಬೇಕಾದ ದಿನ ಆ ಔಷಧ ನಾಟದೆ ಹೋಗಬಹುದು. ಮಂಕುತನಕ್ಕೆ ನೀರಿನ ಕೊರತೆ, ಮಲಬದ್ಧತೆ, ಹೊಸ ನಿದ್ದೆಮಾತ್ರೆ, ಏನು ಬೇಕಾದರೂ ಕಾರಣವಿರಬಹುದು.

ಇನ್ನು ಕ್ಯಾತಿಟರ್. ಹಾಸಿಗೆ ಒದ್ದೆಯಾಗದಿರಲಿ ಎಂದು ಹಾಕಿ ಮರೆತುಬಿಡುವ ನಳಿಕೆ ಅದು. ಒಳಗಿರುವ ಪ್ರತಿ ದಿನ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಶೇ. 3ರಿಂದ 7, ತಿಂಗಳಾದರೆ ಹೆಚ್ಚುಕಡಿಮೆ ಎಲ್ಲರಿಗೂ ಬಂದಿರುತ್ತದೆ. ಯಾಕೆ ಹಾಕಿದ್ದು, ಎಂದು ತೆಗೆಯುವುದು ಎಂದು ಮಂಚಕ್ಕೆ ಒಂದು ಚೀಟಿ ಕಟ್ಟಲು ಖರ್ಚೆಷ್ಟು?

ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯ 19ನೇ ಕಲಂ, ಜಿಲ್ಲೆಗೊಂದಾದರೂ 150 ಬಡ ಹಿರಿಯರ ವೃದ್ಧಾಶ್ರಮ ಎಂದು ಹಾಸಿಗೆಯ ಲೆಕ್ಕ ಹೇಳಿದೆ. ಅಲ್ಲಿನ ಸೇವೆಯ ಮಾನದಂಡ ಗೊತ್ತುಪಡಿಸುವ ಅಧಿಕಾರವನ್ನು ಅದೇ ಕಲಂ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ರಾತ್ರಿ ಹಾಸಿಗೆಯಿಂದ ಶೌಚಾಲಯದವರೆಗೆ ಕೈಹಿಡಿದು ನಡೆಸಲು ಎಷ್ಟು ಮಂದಿಗೆ ಒಬ್ಬರು ಬೇಕೆಂದು ಅದರಲ್ಲಿ ಬರೆಯಿಸಿ. ಖಾಸಗಿ ಆಶ್ರಮಗಳಿಗೂ ಅದನ್ನೇ ಕೇಳಿ.

ದೊಡ್ಡಮ್ಮ ಈಗ ನಮ್ಮ ಮನೆಯಲ್ಲಿದ್ದಾರೆ. ನಿನ್ನೆ ರಾತ್ರಿ ನನ್ನನ್ನು ಎರಡು ಸಲ ಎಬ್ಬಿಸಿದರು. ಚೊಂಬು ಖಾಲಿಯಾಗಿತ್ತು.

ಇಂತಿ,
ಒಬ್ಬ ಆಶ್ರಮವಾಸಿಯ ಮನೆಯವಳು