ಲೆಕ್ಕದ ಅಭ್ಯಾಸ ಶಾಲೆಯಲ್ಲೇ ಆಗಲಿ

ಕೆನಡಾದ ಒಂಟಾರಿಯೊ ಪ್ರಾಂತ್ಯ ಶಾಲಾ ಮಕ್ಕಳಿಗೆ ನಡೆಸುವ ಇಕ್ಯೂಎಒ ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಟೊರಾಂಟೊ ಸುತ್ತಮುತ್ತ ಹಳೇ ಜಗಳ ಹೊತ್ತಿಕೊಳ್ಳುತ್ತದೆ: ಮಗ್ಗಿ ಬಾಯಿಪಾಠ ಮಾಡಿಸಬೇಕೋ, ಮಕ್ಕಳು ತಾವೇ ಕಂಡುಕೊಂಡು ಕಲಿಯಬೇಕೋ? 2018-19ರಲ್ಲಿ ಒಂಟಾರಿಯೊದ ಆರನೇ ತರಗತಿಯವರಲ್ಲಿ ಗಣಿತದ ಪ್ರಾಂತೀಯ ಮಟ್ಟ ಮುಟ್ಟಿದವರು ಶೇ 48. ಮೂಲಪಾಠಕ್ಕೆ ಮರಳುತ್ತೇವೆಂದು ಡಗ್ ಫೋರ್ಡ್ ಅವರ ಪ್ರಾಂತೀಯ ಸರ್ಕಾರ 2020ರಲ್ಲಿ ಹೊಸ ಪಠ್ಯಕ್ರಮ ತಂದಿತು. 2023-24ರಲ್ಲಿ ಆ ಸಂಖ್ಯೆ ಶೇ 50! ಪ್ರಾಂತೀಯ ಮಟ್ಟವೆಂದರೆ ಬರೀ ಪಾಸಲ್ಲ, ನೂರಕ್ಕೆ 70 ಅಥವಾ ಹೆಚ್ಚಿನ ಅಂಕ. ಉಳಿದ ಅರ್ಧ ಮಕ್ಕಳು ನಪಾಸು ಎಂದು ಕೂಗುವುದು ತಪ್ಪು. ಹಾಗೆಂದು ಸಮಾಧಾನಪಡುವಂತೆಯೂ ಇಲ್ಲ.

ಏಳೆಂಟ್ಲ ಎಷ್ಟು ಎಂದರೆ ಇಲ್ಲಿನ ಮಗು ಐದೆಂಟ್ಲ ನಲವತ್ತು, ಎರಡೆಂಟ್ಲ ಹದಿನಾರು, ಕೂಡಿದರೆ ಐವತ್ತಾರು ಎಂದು ಬಿಡಿಸಿ ಹೇಳುತ್ತದೆ. ಒಳ್ಳೆಯ ಕಲಿಕೆಯೇ. ಊರಲ್ಲಿ ಇಪ್ಪತ್ತರ ತನಕ ಮಗ್ಗಿ ಒಪ್ಪಿಸಿದ ನಮ್ಮಲ್ಲಿ ಎಷ್ಟೋ ಜನಕ್ಕೆ ಇದನ್ನು ಯಾರೂ ತೋರಿಸಿರಲಿಲ್ಲ. ಆದರೆ ಅದೇ ಮಗು 56/72 ಅನ್ನು ಸಂಕ್ಷೇಪಿಸಲು ಕೂತಾಗ ಎರಡೂ ಎಂಟರ ಮಗ್ಗಿಯವು ಎಂಬುದು ತಟ್ಟನೆ ಹೊಳೆಯಬೇಕು. ಹೊಳೆಯದಿದ್ದರೆ ಎರಡರಿಂದ ಭಾಗಿಸಿ, ಮತ್ತೆ ಮತ್ತೆ ಎರಡರಿಂದ ಭಾಗಿಸಿ ಮುಗಿಸುವಷ್ಟರಲ್ಲಿ ಸಮಸ್ಯೆ ಕೇಳಿದ್ದೇನು ಎಂಬುದೇ ಮರೆತಿರುತ್ತದೆ. ಅರ್ಥ ಮಾಡಿಸುವುದೂ ರೂಢಿ ಮಾಡಿಸುವುದೂ ಶಾಲೆಯದೇ ಕೆಲಸ. ನಾಲ್ಕನೆಯಲ್ಲಿ ಹತ್ತರವರೆಗೆ, ಐದನೆಯಲ್ಲಿ ಹನ್ನೆರಡರವರೆಗೆ ಮಗ್ಗಿ ಬರಬೇಕೆಂದು ಹೊಸ ಪಠ್ಯಕ್ರಮವೇ ಹೇಳುತ್ತದೆ. ಗುರಿ ಸರಿಯಿದೆ, ಅದಕ್ಕೆ ಬೇಕಾದ ನಿತ್ಯದ ಅಭ್ಯಾಸ ಎಲ್ಲಿ?

ಟೊರಾಂಟೊ ಪಕ್ಕದ ಮಿಸ್ಸಿಸಾಗ, ಬ್ರಾಂಪ್ಟನ್‌ಗಳ ಪ್ಲಾಜಾಗಳಲ್ಲಿದೆ, ಕುಮಾನ್‌ನಂಥ ಟ್ಯೂಷನ್ ಕೇಂದ್ರಗಳಲ್ಲಿ. ಸಂಜೆ ಹೊರಗೆ ಕಾರಿನಲ್ಲಿ ಕಾಯುವ ಅಪ್ಪ ಅಮ್ಮಂದಿರಲ್ಲಿ ಕನ್ನಡದವರೂ ಇದ್ದಾರೆ. ದುಡ್ಡು ಕೊಟ್ಟು ನಮ್ಮ ಮಕ್ಕಳ ಕೊರತೆ ತುಂಬಿಸಿಕೊಂಡು ಸುಮ್ಮನಾಗುತ್ತೇವೆ. ಅವರ ಅಂಕ ಶಾಲೆಯ ಖಾತೆಗೇ ಜಮೆಯಾಗುತ್ತದೆ, ಶಾಲೆಯ ಕೊರತೆ ಮುಚ್ಚಿಹೋಗುತ್ತದೆ. ಗೋದಾಮಿನಲ್ಲಿ ರಾತ್ರಿ ಪಾಳಿ ದುಡಿಯುವ ತಾಯಿಯ ಮಗುವಿಗೆ ಆ ದಾರಿಯಿಲ್ಲ.

ಈ ಕೊರತೆಯ ಏಟು ಬೀಳುವುದು ಒಂಬತ್ತನೇ ತರಗತಿಯಲ್ಲಿ. 2021ರವರೆಗೆ ಅಲ್ಲಿ ಗಣಿತವನ್ನು ವಿಶ್ವವಿದ್ಯಾಲಯದತ್ತ ಒಯ್ಯುವ ಅಕಾಡೆಮಿಕ್, ಪ್ರಾಯೋಗಿಕವಾದ ಅಪ್ಲೈಡ್ ಎಂದು ಒಡೆದಿದ್ದರು. ಟೊರಾಂಟೊದ ಕಪ್ಪು ವಿದ್ಯಾರ್ಥಿಗಳಲ್ಲಿ ಅಕಾಡೆಮಿಕ್ ಹಾದಿಯಲ್ಲಿದ್ದವರು ಶೇ 53, ಬಿಳಿಯರಲ್ಲಿ ಶೇ 81 ಎಂದು ಯಾರ್ಕ್ ವಿಶ್ವವಿದ್ಯಾಲಯದ ಕಾರ್ಲ್ ಜೇಮ್ಸ್ 2017ರ ವರದಿಯಲ್ಲಿ ತೋರಿಸಿದರು. ಆ ವಿಂಗಡಣೆ ಹೋಗಲೇಬೇಕಿತ್ತು. ಮರಳಿ ತನ್ನಿ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಆದರೆ ಭಿನ್ನರಾಶಿ ಬಾರದ ಮಗುವನ್ನು ಬೀಜಗಣಿತದ ಮುಂದೆ ಕೂರಿಸಿ ಸಮಾನತೆ ತಂದೆವು ಎನ್ನುವುದೂ ಅನ್ಯಾಯವೇ. ಮಗ್ಗಿ, ಭಿನ್ನರಾಶಿ ರೂಢಿಸುವ ಕೆಲಸ ಮೂರನೇ, ನಾಲ್ಕನೇ ತರಗತಿಯಲ್ಲೇ ಆಗಬೇಕು.

ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಸ್ಕೂಲ್ ಕೌನ್ಸಿಲ್ ಇರುತ್ತದೆ, ಅದರಲ್ಲಿ ಪೋಷಕರದೇ ಬಹುಮತ ಇರಬೇಕೆಂಬ ನಿಯಮವಿದೆ. ರಾಜ್ಯೋತ್ಸವಕ್ಕೆ ಹಾಲ್ ತುಂಬಿಸುವ ನಾವು ಆ ಸಭೆಗೂ ಹೋಗೋಣ, ಟ್ಯೂಷನ್ ಕೊಡಿಸಬಲ್ಲವರು ಮೊದಲು. ದಿನಕ್ಕೆ ಹದಿನೈದು ನಿಮಿಷವಾದರೂ ತರಗತಿಯಲ್ಲೇ ಮಗ್ಗಿ, ಭಿನ್ನರಾಶಿಯ ಅಭ್ಯಾಸ ನಡೆಯುತ್ತಿದೆಯೇ, ಹಿಂದುಳಿದ ಮಗುವಿಗೆ ಶಾಲೆಯಲ್ಲೇ ಖರ್ಚಿಲ್ಲದೆ ಪ್ರತ್ಯೇಕ ಪಾಠ ಸಿಗುತ್ತಿದೆಯೇ ಎಂದು ಪ್ರಿನ್ಸಿಪಾಲರನ್ನು ಕೇಳೋಣ, ಉತ್ತರವನ್ನು ನಡಾವಳಿಯಲ್ಲಿ ಬರೆಸೋಣ.