ಮಳೆಗಾಲದಲ್ಲಿ ತಂದ ನಾಯಿಮರಿ

ಬೆಳೆಗಾರ ಬಂಧುಗಳು ಈ ಪತ್ರಿಕೆಯನ್ನು ತೆರೆಯುವುದು ಬೋರ್ಡೋ ಸಿಂಪಡಣೆಯ ಕಾಲ, ಗೊಬ್ಬರದ ಪ್ರಮಾಣ, ಕಾಫಿ ಅಡಿಕೆಗಳ ಧಾರಣೆ ಇವುಗಳಿಗಾಗಿ ಎಂಬುದನ್ನು ನಾವು ಬಲ್ಲೆವು. ಆದರೂ ಈ ಸಂಚಿಕೆಯ ಒಂದು ಪುಟವನ್ನು ನಾಯಿಯ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಕಾರಣವಿಷ್ಟೆ: ತೋಟದ ಮನೆಗೆ ಹೊಸದಾಗಿ ನಾಯಿ ತಂದವರು ಒಂದೆರಡು ವರ್ಷ ಕಳೆದ ಮೇಲೆ "ಇದು ಮೊದಲೇ ಗೊತ್ತಿದ್ದಿದ್ದರೆ!" ಎನ್ನುವುದು ನಮ್ಮ ಕಿವಿಗೆ ಮತ್ತೆ ಮತ್ತೆ ಬೀಳುತ್ತಿದೆ. ಆ ಮಾತಿನ ಹಿಂದೆ ಕೆಲವೊಮ್ಮೆ ಸತ್ತ ನಾಯಿ ಇರುತ್ತದೆ. ಕೆಲವೊಮ್ಮೆ ಕಚ್ಚಿಸಿಕೊಂಡ ಕಾರ್ಮಿಕರ ಮಗು ಇರುತ್ತದೆ. ತಡವಾಗಿ ಕಲಿತ ಪಾಠಕ್ಕೆ ಬೆಲೆ ತೆರುವವರು ಕಲಿತವರೇ ಆಗಿರುವುದಿಲ್ಲ ಎಂಬುದನ್ನು ಮನಗಾಣಬೇಕು.

ಕೊಡಗಿಗೆ ನಾಯಿ ಹೊಸದೇನೂ ಅಲ್ಲ. ಅಯ್ಯಪ್ಪನ ದೇವರಕಾಡುಗಳಲ್ಲಿ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳ ಸಾಲನ್ನು ಯಾರು ತಾನೇ ಕಂಡಿಲ್ಲ? ಬೇಟೆಗೆ ಹೋಗುವವನ ಜೊತೆಗಾರನಾಗಿದ್ದ ಪ್ರಾಣಿ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆ ಹೋಯಿತು. ನಾಯಿಯ ಕೆಲಸವೂ ಬದಲಾಯಿತು. ಬೇಟೆಯ ನಾಯಿ ಹತ್ತಾರು ಜನರ ನಡುವೆ, ಹತ್ತಾರು ನಾಯಿಗಳ ನಡುವೆ ಬೆಳೆಯುತ್ತಿತ್ತು. ಇಂದಿನ ಕಾವಲು ನಾಯಿ ಗೂಡಿನಲ್ಲಿ ಬೆಳೆಯುತ್ತದೆ. ನಾಯಿಯ ಬಗ್ಗೆ ಹಿರಿಯರಿಗೆ ತಾನಾಗಿ ತಿಳಿದಿದ್ದ ಅನೇಕ ಸಂಗತಿಗಳನ್ನು ಈಗ ಬಾಯಿ ಬಿಟ್ಟು ಹೇಳಬೇಕಾಗಿರುವುದು ಈ ಕಾರಣದಿಂದಲೇ.

ಮೊದಲನೆಯ ಪಾಠ ಕಾಲಕ್ಕೆ ಸಂಬಂಧಿಸಿದ್ದು. ನಮ್ಮಲ್ಲಿ ಅನೇಕರು ಮರಿ ತರುವುದು ಮಳೆಗಾಲದ ಆರಂಭದಲ್ಲಿ. ಆಗ ತೋಟದಲ್ಲಿ ಕೆಲಸದ ಒತ್ತಡ ಕಡಿಮೆ, ಮನೆಯಲ್ಲಿ ಬಿಡುವು ಹೆಚ್ಚು. ಮೇಲ್ನೋಟಕ್ಕೆ ಇದು ಸರಿಯೆಂದೇ ತೋರುತ್ತದೆ. ಆದರೆ ನಾಯಿಮರಿಯ ಬುದ್ಧಿ ಲೋಕಕ್ಕೆ ತೆರೆದುಕೊಂಡಿರುವ ಅವಧಿ ಬಹಳ ಚಿಕ್ಕದು. ಅಮೆರಿಕದ ವಿಜ್ಞಾನಿಗಳಾದ ಸ್ಕಾಟ್ ಮತ್ತು ಫುಲ್ಲರ್ ವರ್ಷಗಟ್ಟಲೆ ಮರಿಗಳನ್ನು ಸಾಕಿ ನೋಡಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಕಾಲವೇ ಇದಕ್ಕೆ ಮುಖ್ಯವಾದುದೆಂದು ತೋರಿಸಿದರು. ಈ ದಿನಗಳಲ್ಲಿ ಮರಿ ಯಾರನ್ನು, ಯಾವುದನ್ನು ಕಂಡು ಮೂಸಿ ಹೆದರಿಕೆಯಿಲ್ಲದೆ ಪಳಗುತ್ತದೆಯೋ ಅವೆಲ್ಲ ಅದಕ್ಕೆ ತನ್ನವು. ಆಮೇಲೆ ಬರುವುದೆಲ್ಲ ಅನ್ಯ.

ಈಗ ಲೆಕ್ಕ ಹಾಕಿ ನೋಡೋಣ. ಏಳು ವಾರದ ಮರಿಯನ್ನು ಜೂನ್ ಮೊದಲಲ್ಲಿ ತಂದರೆ, ಜುಲೈ ಕಳೆಯುವಷ್ಟರಲ್ಲಿ ಆ ಬಾಗಿಲು ಮುಚ್ಚಿರುತ್ತದೆ. ಜುಲೈ ಎಂದರೆ ಕೊಡಗಿನಲ್ಲಿ ಜಡಿಮಳೆ. ಮನೆಗೆ ಬರುವವರಿಲ್ಲ, ಹೊರಗೆ ಹೋಗುವಂತಿಲ್ಲ. ಮರಿ ಜಗಲಿಯ ಮೂಲೆಯಲ್ಲಿ ಮನೆಯ ಮೂರು ಮುಖಗಳನ್ನಷ್ಟೇ ಕಂಡು ಬೆಳೆಯುತ್ತದೆ. ನವೆಂಬರ್, ಡಿಸೆಂಬರ್ ಬಂದಾಗ ಕೊಯ್ಲು ಶುರು. ಹೊರ ರಾಜ್ಯಗಳಿಂದ ಕಾರ್ಮಿಕರು ಸಂಸಾರ ಸಮೇತ ಬರುತ್ತಾರೆ. ತಲೆಗೆ ಗೋಣಿಚೀಲ ಹೊದ್ದವರು, ಮೂಟೆ ಹೊತ್ತವರು, ಕಣದಲ್ಲಿ ಓಡಾಡುವ ಮಕ್ಕಳು, ಲಾರಿಯವರು. ಅಷ್ಟರಲ್ಲಿ ಮರಿಗೆ ಏಳೆಂಟು ತಿಂಗಳು, ಬಾಯಿ ತುಂಬ ಹಲ್ಲು. ಅದು ಕಚ್ಚಿದರೆ "ಒಳ್ಳೆಯ ಕಾವಲು ನಾಯಿ" ಎಂದು ಮೆಚ್ಚುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಕಾವಲಲ್ಲ, ಹೆದರಿಕೆ. ಹೆದರಿದ ನಾಯಿ ಕಳ್ಳನನ್ನೂ ಕೊಯ್ಲಿನ ಹೆಂಗಸಿನ ಮಗುವನ್ನೂ ಬೇರೆ ಮಾಡಿ ನೋಡುವುದಿಲ್ಲ.

ಹಾಗಾದರೆ ಮಳೆಗಾಲದಲ್ಲಿ ಮರಿ ತರಲೇಬಾರದೇ? ತರಬಹುದು, ಆದರೆ ಕೆಲಸ ಹೆಚ್ಚು. ದಿನಕ್ಕೊಬ್ಬ ಹೊಸಬರನ್ನಾದರೂ ಮರಿ ಕಾಣಬೇಕು. ಛತ್ರಿ ಹಿಡಿದವರು, ಕಂಬಳಿ ಹೊದ್ದವರು, ಮಕ್ಕಳು, ಮುದುಕರು ಎಲ್ಲರ ಕೈಯಿಂದಲೂ ಒಂದೊಂದು ತುಂಡು ತಿನಿಸು ತಿನ್ನಬೇಕು. ಜೀಪಿನ ಸದ್ದು, ಪಲ್ಪರ್ ಯಂತ್ರದ ಸದ್ದು, ಆನೆ ಅಟ್ಟಲು ಸಿಡಿಸುವ ಪಟಾಕಿಯ ಸದ್ದು ಮೊದಲು ದೂರದಿಂದ, ಬಳಿಕ ಹತ್ತಿರದಿಂದ ಅಭ್ಯಾಸವಾಗಬೇಕು. ಹುಟ್ಟಿಗೂ ಸಾವಿಗೂ ಕೋವಿ ಹಾರಿಸುವ ನಾಡಿನಲ್ಲಿ ಗುಂಡಿನ ಸದ್ದಿಗೆ ಬೆದರಿ ಕಾಡು ಸೇರುವ ನಾಯಿ ಯಾರಿಗೆ ಬೇಕು? ಇತ್ತ, ಲಸಿಕೆ ಪೂರ್ತಿಯಾಗುವ ಮೊದಲು ಮರಿಯನ್ನು ಅಪರಿಚಿತ ನಾಯಿಗಳು ಓಡಾಡುವ ನೆಲದಲ್ಲಿ ಬಿಡುವುದೂ ಅಪಾಯವೇ. 1978ರ ಸುಮಾರಿಗೆ ಜಗತ್ತಿನಾದ್ಯಂತ ಹಬ್ಬಿದ ಪಾರ್ವೋ ರೋಗ ಎಳೆಯ ಮರಿಗಳನ್ನು ರಕ್ತಭೇದಿಯಿಂದ ಎರಡು ಮೂರು ದಿನಗಳಲ್ಲೇ ಕೊಲ್ಲಬಲ್ಲದು. ಆದ್ದರಿಂದ ಮರಿಯನ್ನು ಎತ್ತಿಕೊಂಡೇ ಲೋಕ ತೋರಿಸಿರಿ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ನಂತರ ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಲಸಿಕೆ ಎಂಬ ಕ್ರಮವನ್ನು ತಪ್ಪಿಸಬೇಡಿ.

ಎರಡನೆಯ ಪಾಠ ಸರಪಳಿಯದು. ಹಗಲೆಲ್ಲ ಕಟ್ಟಿಹಾಕಿ ರಾತ್ರಿ ಬಿಡುವುದು ತೋಟಗಳಲ್ಲಿ ಬಹುಕಾಲದ ರೂಢಿ. ರೂಢಿಯೆಂದ ಮಾತ್ರಕ್ಕೆ ಅದು ಸರಿಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಹಗಲೆಲ್ಲ ಕಟ್ಟಿದ ನಾಯಿ ಹೋಗುವವರನ್ನೂ ಬರುವವರನ್ನೂ ಕಂಡು ಬೊಗಳಿ ಬೊಗಳಿ ಸಿಡುಕುತನ ಕಲಿಯುತ್ತದೆ. ಕತ್ತಲಾದ ಮೇಲೆ ಬಿಟ್ಟರೆ ಅದು ಕಾವಲಿಗೆ ನಿಲ್ಲುತ್ತದೆಯೆಂದು ಭರವಸೆಯೇನು? ಕಾಫಿ ಗಿಡಗಳ ನಡುವೆ ಹೊಂಚುವ ಚಿರತೆಗೆ ನಾಯಿಯಷ್ಟು ಸುಲಭದ ಆಹಾರ ಮತ್ತೊಂದಿಲ್ಲ. ಅದು ಹೊರಡುವುದೂ ರಾತ್ರಿಯೇ. ಹಂದಿಗೆಂದು ಬೇಲಿಯಲ್ಲಿ ಯಾರೋ ಕದ್ದು ಒಡ್ಡಿದ ತಂತಿಯ ಉರುಳು ನಾಯಿಯ ಕೊರಳನ್ನೂ ಬಿಗಿಯುತ್ತದೆ. ಕಾಡಂಚಿನ ತೋಟದವರಿಗೆ ತಿಳಿದ ಮತ್ತೊಂದು ಮಾತಿದೆ: ಆನೆಯನ್ನು ಕೆಣಕಿದ ನಾಯಿ ಓಡಿ ಬರುವುದು ಯಜಮಾನನ ಕಾಲಬುಡಕ್ಕೆ, ಆನೆ ಬರುವುದು ನಾಯಿಯ ಹಿಂದೆ. ಆದ್ದರಿಂದ ಕ್ರಮವನ್ನೇ ತಿರುಗಿಸಬೇಕೆಂಬುದು ನಮ್ಮ ಸಲಹೆ. ಹಗಲು ಕಣ್ಣೆದುರಿಗೆ ಬಿಡಿ, ಜೊತೆಯಲ್ಲಿ ತೋಟ ಸುತ್ತಿಸಿ. ರಾತ್ರಿ ಜಗಲಿಯಲ್ಲೋ ಗಟ್ಟಿಯಾದ ಗೂಡಿನಲ್ಲೋ ಇರಲಿ. ಬೊಗಳಿ ಎಚ್ಚರಿಸಲು ಅದು ತೋಟ ಸುತ್ತಬೇಕಾಗಿಲ್ಲ.

ಮೂರನೆಯದು ನಮ್ಮ ಗೋದಾಮಿನಲ್ಲೇ ಇದೆ. ಪಟ್ಟಣದ ನಾಯಿಗಿಲ್ಲದ ಅಪಾಯಗಳು ತೋಟದ ನಾಯಿಗುಂಟು. ಮೈಲುತುತ್ತು ಕರಗಿಸಿದ ಪೀಪಾಯಿ, ಕೀಟನಾಶಕ ತೊಳೆದ ಬಕೆಟ್ಟು, ಇಲಿ ಪಾಷಾಣ ಇವು ನಾಯಿಯ ಬಾಯಿಗೆ ಎಟುಕುವಂತಿರಬಾರದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿ ಪಾಷಾಣವನ್ನು ತಿಂದ ನಾಯಿ ಎರಡು ಮೂರು ದಿನ ಚೆನ್ನಾಗಿಯೇ ಓಡಾಡಿಕೊಂಡಿದ್ದು ಆಮೇಲೆ ಕುಸಿಯುತ್ತದೆ. "ಏನೂ ಆಗಿಲ್ಲ" ಎಂದು ಸುಮ್ಮನಿರದೆ ತಿಂದ ದಿನವೇ ವೈದ್ಯರಲ್ಲಿಗೆ ಒಯ್ದರೆ ವಿಟಮಿನ್ ಕೆ ಕೊಟ್ಟು ಉಳಿಸಿಕೊಳ್ಳಬಹುದು. ನಾವು ಬೆಳೆಯುವ ಕಾಫಿಯೂ ಅದಕ್ಕೆ ವಿಷವೇ. ಬೀಜ, ಪುಡಿ, ಚರಟ ಯಾವುದರಲ್ಲಿದ್ದರೂ ಕೆಫೀನು ನಾಯಿಯ ಹೃದಯದ ಬಡಿತವನ್ನು ಕೆಡಿಸುತ್ತದೆ. ಪ್ರವಾಸಿಗಳು ಪ್ರೀತಿಯಿಂದ ಎಸೆಯುವ ಚಾಕೊಲೇಟೂ ಹಾಗೆಯೇ.

ಅಡಿಕೆಯ ಕಥೆ ಇನ್ನೂ ಸ್ವಾರಸ್ಯದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ನಾಯಿಯ ಹೊಟ್ಟೆಹುಳಕ್ಕೆ ಅಡಿಕೆ ಪುಡಿಯೇ ಔಷಧಿಯಾಗಿತ್ತು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವ ಲಾಡಿಹುಳುಗಳನ್ನು ಹೊರದೂಡುತ್ತದೆ. ನ್ಯೂಜಿಲೆಂಡಿನಲ್ಲಿ ನಾಯಿಗಳ ಲಾಡಿಹುಳು ಪತ್ತೆಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ್ದರು. ಆದರೆ ಹುಳವನ್ನು ಹೊರಗೆ ಹಾಕುವ ಪ್ರಮಾಣಕ್ಕೂ ನಾಯಿಗೆ ವಾಂತಿ, ಭೇದಿ, ಸೆಳವು ತರುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಎಂಬ ನಿರಪಾಯದ ಔಷಧಿ ಬಂದ ಮೇಲೆ ಅಡಿಕೆಗೆ ಆ ಕೆಲಸ ತಪ್ಪಿತು. ಅಂಗಳದಲ್ಲಿ ಅಡಿಕೆ ಹೇರಳವಾಗಿದೆಯೆಂದು ಯಾರೂ ಮನೆವೈದ್ಯ ಮಾಡಬಾರದು. ನಮ್ಮ ಬೆಳೆಯ ಮೇಲೆ ನಮಗಿರುವ ಅಭಿಮಾನಕ್ಕೆ ನಾಯಿ ಬಲಿಯಾಗುವುದು ಬೇಡ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದ ರೇಬಿಸ್. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆಂದೇ ಹೇಳಬೇಕು. ಮನುಷ್ಯರಿಗೆ ತಗಲುವ ರೇಬಿಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಹಾಕಿಸಿದರೆ ರೋಗದ ಸರಪಳಿ ತುಂಡಾಗುತ್ತದೆ ಎಂಬುದೂ ಅದೇ ಸಂಸ್ಥೆಯ ಮಾತು. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಬಳಿಕ ವೈದ್ಯರು ಹೇಳಿದಂತೆ ವರ್ಷವರ್ಷವೂ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬಯಸುತ್ತೇವೆ: ಬಂಗಲೆಯ ಜಾತಿನಾಯಿಗೆ ಲಸಿಕೆ ಹಾಕಿಸಿ ಲೈನ್ ಮನೆಗಳ ನಾಯಿಗಳನ್ನು ಬಿಟ್ಟರೆ ಏನೂ ಮಾಡಿದಂತಾಗಲಿಲ್ಲ. ಮಕ್ಕಳು ಆಡುವುದು ಲೈನಿನ ನಾಯಿಗಳ ಜೊತೆಯಲ್ಲಿ.

ಕಚ್ಚಿದರೆ ಮಾಡಬೇಕಾದದ್ದು ಸುಲಭ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಕಾಫಿಪುಡಿ, ಸುಣ್ಣ, ಖಾರದಪುಡಿ, ಅರಿಶಿನ ಏನನ್ನೂ ಹಚ್ಚಬಾರದು. ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಹಳೆಯ ಭಯದಿಂದ ಇಂದಿಗೂ ಹಿಂಜರಿಯುವವರಿದ್ದಾರೆ. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತುಹೋಗಿದೆ. ಈಗ ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಬಳಿಕ 3, 7 ಮತ್ತು 28ನೆಯ ದಿನ ತೋಳಿಗೆ ಚುಚ್ಚಿದರಾಯಿತು. ಗಾಯ ಆಳವಾಗಿದ್ದರೆ ಅಲ್ಲಿಗೇ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧಿಯನ್ನೂ ಕೊಡಬೇಕಾಗುತ್ತದೆ. ಕೊಯ್ಲು ಮುಗಿಸಿ ಊರಿಗೆ ಹೊರಟ ಕಾರ್ಮಿಕನ ಮಗುವಿಗೆ ಉಳಿದ ಚುಚ್ಚುಮದ್ದು ತಪ್ಪದಂತೆ ಚೀಟಿ ಬರೆಸಿಕೊಡುವುದು ತೋಟದವರ ಹೊಣೆ.

ಹೊಣೆ ಎಂದೆವು. ಕೊನೆಯ ಪಾಠ ಅದೇ. ತೋಟದ ನಾಯಿ ಎಲ್ಲರದ್ದೂ ಹೌದು; ಆದ್ದರಿಂದಲೇ ಯಾರದ್ದೂ ಅಲ್ಲ. ಯಜಮಾನರು ಬೆಂಗಳೂರಿನಲ್ಲಿ, ಅನ್ನ ಹಾಕುವವನು ರೈಟರ್, ಕಟ್ಟುವವನು ವಾಚ್‌ಮನ್. ಲಸಿಕೆಯ ತಾರೀಖು ಯಾರ ನೆನಪಿನಲ್ಲೂ ಇರುವುದಿಲ್ಲ. ತೋಟ ಮಾರಾಟವಾದ ದಿನ ಏಣಿ, ಯಂತ್ರ ಎಲ್ಲವೂ ಪಟ್ಟಿಯಲ್ಲಿರುತ್ತವೆ, ನಾಯಿಯೊಂದನ್ನು ಬಿಟ್ಟು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಸುಮಾರು ಕ್ರಿ.ಶ. 950ರ ಶಾಸನವನ್ನು ಇಲ್ಲಿ ನೆನೆಯಬೇಕು. ಯುದ್ಧ ಗೆದ್ದ ಮಣಲೇರನೆಂಬ ವೀರ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಾಗ, ಅವನು ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ನಾವು ಭೂಮಿ ಬಿಡಬೇಕಾಗಿಲ್ಲ. ನಾಯಿ ಹತ್ತು ಹನ್ನೆರಡು ವರ್ಷ ಬಾಳುವ ಪ್ರಾಣಿ. ಅಷ್ಟೂ ವರ್ಷ ಇಂಥವರೇ ಇದರ ಹೊಣೆ ಎಂದು ಒಬ್ಬರ ಹೆಸರನ್ನು ತೋಟದ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು.

ಸದಸ್ಯ ಬಾಂಧವರಲ್ಲಿ ನಮ್ಮದೊಂದು ಕೋರಿಕೆ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಕೊಯ್ಲಿನ ಜನ ಬರುವುದಕ್ಕೆ ಮುಂಚಿನ ಕಾಲವೂ ಹೌದು. ಆ ಹೊತ್ತಿಗೆ ನಿಮ್ಮ ಅಂಗಳದಲ್ಲೂ ಲೈನಿನಲ್ಲೂ ಎಷ್ಟು ನಾಯಿಗಳಿವೆಯೆಂದು ಎಣಿಸಿರಿ. ಅಕ್ಕಪಕ್ಕದ ನಾಲ್ಕು ತೋಟದವರು ಕೂಡಿ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಒಂದೇ ದಿನ ಎಲ್ಲಕ್ಕೂ ಲಸಿಕೆ ಹಾಕಿಸಿರಿ. ಈ ವರ್ಷ ಮರಿ ತರುವ ಯೋಚನೆಯಿದ್ದವರು ಮಳೆ ನಿಂತ ಮೇಲೆ ತಂದರೆ ಎಲ್ಲರಿಗೂ ಕ್ಷೇಮ. ಕೊಯ್ಲಿನ ಜನರ ನಡುವೆಯೇ ಅದು ಬೆಳೆಯಲಿ.