ತೂಕ ಅಳೆದರೆ ಸಾಲದು, ಮನೆಯವರ ಮನಸ್ಸನ್ನೂ ಕೇಳಿ



ದೇಶದಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳ ಪ್ರಮಾಣ ಶೇ 2.1ರಿಂದ 3.4ಕ್ಕೆ ಏರಿದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳ ಎತ್ತರ, ತೂಕ ಅಳೆಯುತ್ತವೆ. ಆದರೆ ತಟ್ಟೆಗೆ ಬಡಿಸುವವರು ಮನೆಯವರು. ಮೊಮ್ಮಗು ದುಂಡಗಿದ್ದರೆ ಅಜ್ಜಿಗೆ ಹೆಮ್ಮೆ; ಪೇಟೆಯಿಂದ ಬರುವ ಅಪ್ಪನಿಗೆ ಚಿಪ್ಸ್ ಪೊಟ್ಟಣ ತರುವುದೇ ಪ್ರೀತಿ. ಅವರನ್ನು ದೂರಿ ಫಲವಿಲ್ಲ. ‘ಮಗುವಿನ ತೂಕದ ವಿಷಯ ನಿಮಗೆಷ್ಟು ಮುಖ್ಯ? ಅಭ್ಯಾಸ ಬದಲಿಸಬಲ್ಲೆವೆಂಬ ಧೈರ್ಯ ಹತ್ತಕ್ಕೆ ಎಷ್ಟು? ಅಡ್ಡಿಯೇನು?’ ಎಂದು ಆಶಾ, ಅಂಗನವಾಡಿ ಕಾರ್ಯಕರ್ತೆಯರು ಮೊದಲು ಕೇಳಬೇಕು. ಸಿದ್ಧವಿರುವ ಮನೆ ಸಂಜೆಯ ಆಟದಿಂದ ಆರಂಭಿಸಲಿ. ಸಿದ್ಧವಿಲ್ಲದ ಮನೆಗೆ ಕಾರ್ಯಕರ್ತೆಯರು ತಾಳ್ಮೆಯಿಂದ ಮತ್ತೆ ಹೋಗಲಿ. ಆರೋಗ್ಯ ಇಲಾಖೆ ಅವರಿಗೆ ಹೀಗೆ ಕೇಳಿ ಮಾತನಾಡುವ ತರಬೇತಿ ನೀಡಬೇಕು.

– ಓರ್ವ ತಾಯಿ, ಹೊಸಹೊಳಲು, ಕೆ.ಆರ್. ಪೇಟೆ ತಾಲ್ಲೂಕು